ಹಿತ್ತಲ ಗೋಡೆಯ ಚಂಚಿ

ಬ್ಯಾಗಿನೊಳಗಿನ ಸ್ಪಿರಿಟ್ಟಿನ ಸೀಸೆ ಸೋರುತ್ತಿದೆ ಎಂದು ಪ್ರಿಯದರ್ಶಿನಿಗೆ ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಅನ್ನಿಸತೊಡಗಿತು. ಕೈ ಹಾಕಿ ನೋಡಿದಳು. ಮುಚ್ಚಳ ಬಿಗಿಯಾಗಿತ್ತು, ಬೆರಳು ಒದ್ದೆಯಾಗಲಿಲ್ಲ. ಆದರೂ ವಾಸನೆ ಇತ್ತು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಆಚೆ ತಿರುಗಿದಾಗ, ಬೆಳಬೆಳಗ್ಗೆ ಕುಡಿದು ಬಸ್ಸು ಹತ್ತಿದವಳು ಎಂದು ಈಕೆ ತನ್ನನ್ನು ಎಣಿಸಿರಬಹುದೇ ಅನ್ನಿಸಿ ಅವಳ ಕಿವಿ ಬಿಸಿಯಾದವು. ಇದು ಹುಳ ಹಾಕಿಡೋ ಔಷಧ ರೀ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಯಾವ ಹುಳ, ಯಾಕೆ ಹಿಡಿಯುತ್ತೀ ಎಂದು ಮಾತು ಬೆಳೆಯುತ್ತದೆ, ಕೊನೆಗೆ ಆ ಹುಳಕ್ಕೆ ನಿನ್ನದೇ ಹೆಸರಂತೆ ಹೌದೇನು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಶುಕ್ರವಾರದಿಂದ ಎಲ್ಲರ ಮಾತೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಬ್ಯಾಗನ್ನು ಕಾಲಸಂದಿಯಲ್ಲಿ ಒತ್ತಿಟ್ಟುಕೊಂಡು ಸುಮ್ಮನೆ ಕೂತಳು. ಸೀಸೆಯ ಕೆಳಗೆ ಶಾಲು ಇತ್ತು, ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಲ್ಲರೆದುರು ಹೊದಿಸಿದ್ದು. ಅವ್ವನಿಗೆ ತೋರಿಸಬೇಕೆಂದು ತಂದಿದ್ದಳೋ, ಸ್ಟೇಶನ್ ಬಜಾರಿನ ತನ್ನ ಖೋಲಿಯಲ್ಲಿ ಅದರ ಜೊತೆ ಒಬ್ಬಳೇ ಇರಲಾರದೆ ತಂದಿದ್ದಳೋ ಅವಳಿಗೇ ಸರಿಯಾಗಿ ತಿಳಿಯದು.

ಶುಕ್ರವಾರ ಸುಧಾಕರ ಸರ್ ತಮ್ಮ ಕೋಣೆಗೆ ಕರೆದಾಗ ಅವಳು ಖುಷಿಯಿಂದಲೇ ಹೋಗಿದ್ದಳು. ಅವರು ಅವಳ ಪಿಎಚ್.ಡಿ. ಗೈಡು. ಕಮಲಾಪುರದ ಮನೆಯ ಹಿತ್ತಲಿನಲ್ಲಿ ಅವಳು ಹಿಡಿದು ತಂದ ಗಂಡು ಜೇಡ ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಪ್ರಭೇದವೆಂದು ಖಾತ್ರಿಯಾಗಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕಾಲುಗಳನ್ನೂ ಕೋರೆಹಲ್ಲುಗಳನ್ನೂ ಅಳೆದವಳು ಅವಳು, ಚಿತ್ರ ಬರೆದವಳು ಅವಳು, ಲೇಖನವನ್ನು ತಿದ್ದಿ ತಿದ್ದಿ ಬರೆದವಳೂ ಅವಳೇ. ಅದು ತನ್ನ ಹೆಸರಿನಲ್ಲಿ ಅಚ್ಚಾದರೆ ಪ್ರಬಂಧ ಒಪ್ಪಿಸಬಹುದು. ಮಾರ್ಚಿಗೆ ನೋಂದಣಿಯ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಆಗದಿದ್ದರೆ ಇಷ್ಟು ವರ್ಷದ ಓದು ಮಣ್ಣುಪಾಲು, ಜೀವನವಿಡೀ ಗೆಸ್ಟ್ ಲೆಕ್ಚರರ್ ಆಗಿ ಪ್ರತಿ ಜೂನಿನಲ್ಲೂ ಯಾರದೋ ಬಾಗಿಲ ಮುಂದೆ ನಿಲ್ಲಬೇಕು. ಸರ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ, "ಓದು," ಎಂದಿದ್ದರು. ಜೇಡದ ಲ್ಯಾಟಿನ್ ಹೆಸರಿನ ಜಾಗದಲ್ಲಿ ಇತ್ತು: ಅಟಿಪಸ್ ಪ್ರಿಯದರ್ಶಿನಿಯೇ. ಅವಳು ಮತ್ತೊಮ್ಮೆ ಓದಿದಳು. ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಬಂತು.

"ನಿನ್ನ ಹೆಸರೇ ಇಟ್ಟೀನವಾ," ಎಂದರು ಸರ್. "ಇನ್ನ ನೂರು ವರ್ಷ ಆದ್ರೂ ಯಾರೂ ಅಳಸಾಕ ಬರಂಗಿಲ್ಲ."

ಕಣ್ಣೊರೆಸಿಕೊಂಡು ಮೇಲಿನ ಸಾಲು ನೋಡಿದಾಗ ಅಲ್ಲಿ ಲೇಖಕರೆಂದು ಒಬ್ಬರದೇ ಹೆಸರಿತ್ತು. ಅವಳ ಕಣ್ಣು ಅಲ್ಲಿ ನಿಂತದ್ದನ್ನು ಅವರು ಕಂಡರು. "ಅದು ಹಂಗೇ ಇರಬೇಕಾಗ್ತದ. ತನ್ನ ಹೆಸರು ತಾನೇ ಇಟ್ಕೊಂಡ್ಳು ಅಂತ ಮಂದಿ ನಗ್ತಾರ. ಹೆಸರು ಪಡದವ್ರು ಲೇಖಕರಾಗಬಾರದು, ಪದ್ಧತಿ ಅದ. ನಿನಗ ನಾ ಹೇಳಬೇಕೇನು?" ಹೇಳಬೇಕಾಗಿರಲಿಲ್ಲ. ಕಾನೂನಿನ ಪುಸ್ತಕದಲ್ಲಿ ಇಲ್ಲದಿದ್ದರೂ ಜೇಡ ಓದುವವರೆಲ್ಲ ಪಾಲಿಸುವ ಮರ್ಯಾದೆ ಅದು, ಅವಳೇ ಬಿ.ಎಸ್ಸಿ. ಹುಡುಗಿಯರಿಗೆ ಪಾಠದಲ್ಲಿ ಹೇಳಿದ್ದಳು. ನನಗೆ ಹೆಸರು ಬೇಡ ಸರ್, ಲೇಖನ ಬೇಕು. ಇಷ್ಟೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಂದದ್ದು, "ಥ್ಯಾಂಕ್ಸ್ ಸರ್." ಮಧ್ಯಾಹ್ನ ಎಲ್ಲರನ್ನೂ ಸೇರಿಸಿ ಶಾಲು ಹೊದಿಸಿದರು, ಹೂವಿನ ಹಾರ ಹಾಕಿದರು, ಚಪ್ಪಾಳೆಯಾಯಿತು, ಅವಳು ಎಲ್ಲ ದಿಕ್ಕಿಗೂ ಕೈ ಮುಗಿದಳು. ಫೋಟೋದಲ್ಲಿ ನಗುತ್ತಿದ್ದಾಳೆ. ಆ ನಗು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬಸ್ಸು ಕಪನೂರಿನ ಕಾರ್ಖಾನೆಗಳ ಪಕ್ಕ ನಿಧಾನವಾಯಿತು, ವೆಲ್ಡಿಂಗಿನ ಕಿಡಿ ಹಗಲಿನಲ್ಲೂ ಕಣ್ಣಿಗೆ ಚುಚ್ಚಿತು. ಅವರು ಬೇಕೆಂದೇ ಮಾಡಿದರೇ? ಇದೊಂದು ತಿಳಿದುಬಿಟ್ಟರೆ ಸಿಟ್ಟಾದರೂ ಮಾಡಬಹುದಿತ್ತು. ನಿಜವಾಗಿಯೂ ಇವಳಿಗೆ ಗೌರವ ಮಾಡುತ್ತಿದ್ದೇನೆ ಎಂದುಕೊಂಡೇ ಮಾಡಿರಲಿಕ್ಕೂ ಸಾಕು. ಅವರು ಕೆಟ್ಟವರಲ್ಲ. ಅವಳು ಪಿಯುಸಿ ಮುಗಿಸಿದ ವರ್ಷ ಮದುವೆಯ ಮಾತು ನಡೆದಾಗ, ಆಗ ಕಮಲಾಪುರದಲ್ಲಿ ಕಲಿಸುತ್ತಿದ್ದ ಇದೇ ಸುಧಾಕರ ಸರ್ ಬಿಸಿಲಲ್ಲಿ ನಡೆದು ಮನೆಗೆ ಬಂದು, ಅವ್ವ ಹಾಸಿದ ಚಾಪೆಯ ಮೇಲೆ ಕೂತು, ಅಪ್ಪ ಭಾಗಪ್ಪನ ಕೈ ಹಿಡಿದು, ನಮ್ಮ ಮಂದಿಯೊಳಗ ಒಂದು ಹುಡುಗಿ ಓದೂದು ಹೆಚ್ಚೇನಣ್ಣಾ ಎಂದು ಕೇಳಿದ್ದರು. ಅಪ್ಪ ಒಪ್ಪಿದ್ದು ಆ ಕೈ ಹಿಡಿದದ್ದಕ್ಕೆ. ಅವತ್ತಿನಿಂದ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಬಿಟ್ಟರೆ ಹೆಚ್ಚು ಗೌರವ ಸುಧಾಕರ ಸರ್‌ಗೇ. ಅಂಥವರ ಮುಂದೆ ನಿಂತು ನೀವು ನನ್ನ ಅನ್ನ ಕಸಿದಿರಿ ಎಂದು ಹೇಗೆ ಹೇಳುವುದು? ಅಪ್ಪ ಈಗ ನಂದೂರಿನ ದಾಲ್ ಮಿಲ್ಲಿನಲ್ಲಿ ಮೂಟೆ ಹೊರುತ್ತಾನೆ, ಸುದ್ದಿ ಕೇಳಿ ಮಿಲ್ಲಿನವರಿಗೆಲ್ಲ ಪೇಡೆ ಹಂಚಿದನಂತೆ. ಫೋನಿನಲ್ಲಿ ಅದನ್ನೇ ಎರಡು ಸಲ ಹೇಳಿದ. ಅವನಿಗೂ ಅವಳು ಹ್ಞೂಂ ಎಂದೇ ಅಂದಿದ್ದಳು.

ಒಂದೇ ಒಂದು ಮಾತು ಇನ್ನೂ ಬಾಕಿ ಇತ್ತು. ಲೇಖನ ಅಚ್ಚು ಹಾಕುವ ಸಂಶೋಧನಾ ಪತ್ರಿಕೆಯವರು ಗಂಡಿನ ವಿವರ ಒಪ್ಪಿದ್ದರು, ಹೆಣ್ಣನ್ನೂ ನೋಡದೆ ಅಚ್ಚು ಹಾಕುವುದಿಲ್ಲ ಎಂದಿದ್ದರು. ಈ ಕುಲದ ಜೇಡಗಳಲ್ಲಿ ಗಂಡು ಮಾತ್ರ ಮಳೆಗಾಲದಲ್ಲಿ ಹೊರಬಿದ್ದು ಅಲೆಯುತ್ತದೆ, ಹಿತ್ತಲ ಬಕೆಟ್ಟಿನಲ್ಲಿ ಬಿದ್ದು ಅವಳಿಗೆ ಸಿಕ್ಕದ್ದೂ ಹಾಗೆಯೇ. ಹೆಣ್ಣು ಹುಟ್ಟಿದ ಕೊಳವೆ ಬಿಟ್ಟ ಮೇಲೆ ತನ್ನದೊಂದು ಕೊಳವೆ ನೇಯ್ದುಕೊಂಡು ಅದರೊಳಗೇ ಬಾಳಿ ಅದರೊಳಗೇ ಸಾಯುತ್ತದೆ. ಕೊಳವೆಯ ಅರ್ಧ ಮಣ್ಣೊಳಗೆ, ಅರ್ಧ ಕಲ್ಲಿಗೋ ಬೇರಿಗೋ ಆತುಕೊಂಡು ಮೇಲೆ. ಮೈತುಂಬ ಮಣ್ಣು ಮೆತ್ತಿಕೊಂಡಿರುವುದರಿಂದ ಗೊತ್ತಿಲ್ಲದವರಿಗೆ ಒಣಗಿದ ಬೇರಿನಂತೆ ಕಾಣುತ್ತದೆ. ಮೇಲೆ ಯಾವುದಾದರೂ ಹುಳ ನಡೆದರೆ ಒಳಗಿನಿಂದಲೇ ಕೋರೆ ಚುಚ್ಚಿ, ರೇಷ್ಮೆ ಸೀಳಿ, ಒಳಗೆ ಎಳೆದುಕೊಂಡು, ಸೀಳಿದ್ದನ್ನು ಮತ್ತೆ ಹೊಲಿದು ಕೂತುಬಿಡುತ್ತದೆ. ಆಯಿ, ಎಂದರೆ ಅವಳ ಅಪ್ಪನ ತಾಯಿ, ಇದನ್ನು ಚಂಚಿ ಹುಳ ಎನ್ನುತ್ತಿದ್ದಳು. ಎಲೆ ಅಡಿಕೆ ಇಡುವ ತನ್ನ ಬಟ್ಟೆಯ ಚಂಚಿಯನ್ನು ಸೊಂಟದಿಂದ ಬಿಚ್ಚಿ, ಗೋಡೆಬುಡದ ಆ ಮಣ್ಣಿನ ಚೀಲದ ಪಕ್ಕ ಹಿಡಿದು, "ನೋಡು, ಇಬ್ಬರದೂ ಒಂದೇ ನಮೂನಿ," ಎಂದು ನಗುತ್ತಿದ್ದಳು. ಪ್ರಭೇದಗಳ ಹೆಸರು ಬಾಯಿಪಾಠ ಮಾಡುವಾಗ ಪ್ರಿಯದರ್ಶಿನಿಗೆ ಆಯಿಯ ಆ ನಗು ನೆನಪಾಗುತ್ತಿತ್ತು. ಯುರೋಪಿನ ಒಂದಕ್ಕೆ ಡಾಂಬರಿನ ಬಣ್ಣದ ಹೆಸರು, ಇನ್ನೊಂದಕ್ಕೆ ಗೋಡೆಯ ಹೆಸರು, ನಮ್ಮ ದೇಶದ್ದೊಂದಕ್ಕೆ ಯಾವನೋ ಸದರ್‌ಲ್ಯಾಂಡನ ಹೆಸರು. ತಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ಕಮಲಾಪುರದ್ದು. ಅದನ್ನು ಲೇಖನದಲ್ಲಿ ಬರೆದೂ ಇದ್ದಳು, ಸರ್ ಹೊಡೆದು ಹಾಕಿದ್ದರು.

ಸೋಮವಾರ ಬರುವಾಗ ಹೆಣ್ಣು ತಾ ಎಂದಿದ್ದರು. ಆ ಕೊಳವೆಗಳು ಎಲ್ಲಿವೆ ಎಂದು ಗೊತ್ತಿದ್ದವಳು ಅವಳೊಬ್ಬಳೇ. ತಾನೇ ಅಗೆದು, ತಾನೇ ಸ್ಪಿರಿಟ್ಟಿನಲ್ಲಿ ಮುಳುಗಿಸಿ, ತಾನೇ ಹೊತ್ತುಕೊಂಡು ಹೋಗಿ ಕೊಟ್ಟರೆ ಲೇಖನ ಅಚ್ಚಾಗುತ್ತದೆ, ಮಾರ್ಚ್ ಬರುತ್ತದೆ, ತಾನು ಬರಿಯ ಹೆಸರಾಗಿ ಉಳಿಯಬೇಕು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಅವಳು ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟತೊಡಗಿದಳು. ಸರ್, ಒಂದು ಮಾತು. ಸರ್, ತಪ್ಪು ತಿಳೀಬ್ಯಾಡ್ರಿ. ಕಮಲಾಪುರದಲ್ಲಿ ಇಳಿಯುವವರೆಗೂ ವಾಕ್ಯ ಅದರಾಚೆ ಹೋಗಲಿಲ್ಲ.

ಓಣಿಯ ತಿರುವಿನಲ್ಲಿ ಕೆಂಪು ಬಾಳೆಯ ಗೊನೆ ಇಟ್ಟುಕೊಂಡು ಕೂತಿದ್ದ ಶಂಕ್ರಮ್ಮ ಅವಳನ್ನು ಕಂಡು, "ಏನವಾ ತಂಗಿ, ಮಂದಿ ಮಕ್ಕಳಿಗೆ ಹೆಸರಿಡ್ತಾರ, ನಿನ್ನ ಹೆಸರು ಹುಳಕ್ಕಿಟ್ಟಾರಂತಲ್ಲ," ಎಂದು ನಕ್ಕಳು. ಕುಹಕವೇನಿಲ್ಲ, ಅವಳ ನಗುವೇ ಹಾಗೆ. ಪ್ರಿಯದರ್ಶಿನಿಯೂ ನಕ್ಕಳು. ಈಚೆಗೆ ಅವಳ ನಗು ಕೇಳಿದವರಿಗೆ ಕೇಳಿದಷ್ಟು ಸಿಗುತ್ತಿತ್ತು.

ಓಣಿಯೆಲ್ಲ ಹಸಿ ಸುಣ್ಣದ ವಾಸನೆ. ಬಾಬಾಸಾಹೇಬರು ಬೌದ್ಧರಾದ ನೆನಪಿನ ಧಮ್ಮಚಕ್ರ ಪ್ರವರ್ತನ ದಿನ ಹತ್ತಿರ ಬಂದಿತ್ತು, ಮನೆ ಮನೆಯ ಮುಂದೆ ಬಕೆಟ್ಟು, ಕುಂಚ, ನೀಲಿ ಕಲಸಿದ ಡಬ್ಬಿ. ಅವ್ವ ಪುತಳಾಬಾಯಿ ಹೊಸ್ತಿಲಲ್ಲೇ ನಿಂತಿದ್ದಳು, ಕೈ ಮೊಣಕೈವರೆಗೂ ಬಿಳಿ, ಕೂದಲಲ್ಲೂ ಸುಣ್ಣದ ಹನಿ. ಮಗಳ ಮುಖ ಹಿಡಿಯಲು ಕೈ ಎತ್ತಿ, ಕೈ ನೋಡಿಕೊಂಡು ಇಳಿಸಿದಳು.

"ಶಾಲು ತಂದೀಯೇನವಾ?"

ಅವಳು ಶಾಲು ತೆಗೆದು ಕೊಟ್ಟಳು. ಪುತಳಾಬಾಯಿ ಕೈ ತೊಳೆದುಕೊಂಡು ಬಂದು ಅದನ್ನು ಬಾಬಾಸಾಹೇಬರ ಫೋಟೋದ ಮುಂದೆ ಇಟ್ಟು ಕೈ ಮುಗಿದಳು, ಆಮೇಲೆ ತನ್ನ ಹೆಗಲಿಗೇ ಹಾಕಿಕೊಂಡು ಕನ್ನಡಿ ನೋಡಿದಳು. "ಸ್ಪಿರಿಟ್ ನಾರ್ತದ," ಎಂದು ಮೂಗು ಮುರಿದು ನಕ್ಕಳು. "ನಿಮ್ಮ ಸರ್ ಫೋನ ಮಾಡಿದ್ರು. ಬುಧವಾರ ಪೇಪರಿನವ್ರನ್ನ ಕರಕೊಂಡು ಬರ್ತಾರಂತ. ಹುಳ ಸಿಕ್ಕ ಜಾಗಾದ ಫೋಟೋ ಹೊಡೀತಾರಂತ. ಬಾ ಇಲ್ಲಿ, ನಿನಗೊಂದು ತೋರಸ್ತೀನಿ."

ಹಿತ್ತಲ ಬಾಗಿಲು ತೆಗೆದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಬಿಸಿಲಲ್ಲ, ಗೋಡೆ. ಅವಳು ಹುಟ್ಟಿದಾಗಿನಿಂದ ಕರಿ ಪಾಚಿ ಹಿಡಿದಿದ್ದ ಕಲ್ಲಿನ ಗೋಡೆ, ಎಂದೂ ಯಾರೂ ಸುಣ್ಣ ಹಚ್ಚದಿದ್ದ ಗೋಡೆ, ತಲೆಯಿಂದ ಬುಡದವರೆಗೆ ಬೆಳ್ಳಗೆ ನಿಂತಿತ್ತು. ಬುಡಕ್ಕೆ ಅಂಗೈ ಅಗಲ ನೀಲಿ ಪಟ್ಟಿ. ಗೋಡೆಯ ಕೆಳಗಿನ ಮಣ್ಣನ್ನು ಗುದ್ದಲಿಯಿಂದ ಕೆತ್ತಿ, ಸಗಣಿ ಸಾರಿಸಿ, ರಂಗೋಲಿಯ ಚುಕ್ಕಿ ಕೂಡ ಇಟ್ಟಿತ್ತು.

"ಎಷ್ಟು ಹೊಲಸಿತ್ತು ಗೊತ್ತದೇನು," ಎನ್ನುತ್ತಿದ್ದಳು ಅವ್ವ. "ಕಲ್ಲಿನ ಸಂದಿಗೆಲ್ಲ ಜಾಳಿಗಿ ಹಿಡದು, ಮಣ್ಣಿನ ಚೀಲ ಜೋತು ಬಿದ್ದಿದ್ವು. ಪೇಪರಿನ್ಯಾಗ ನಮ್ಮ ಗ್ವಾಡಿ ಹಂಗ ಬಂದ್ರ ಚೊಲೋ ಕಾಣ್ತದೇನು? ನಿನ್ನೆ ಪೂರಾ ಕೂತು ತಿಕ್ಕಿ ತಿಕ್ಕಿ ತೆಗದೀನಿ ನೋಡು, ಒಂದೂ ಬಿಟ್ಟಿಲ್ಲ."

ಪ್ರಿಯದರ್ಶಿನಿ ಬಾಯಿ ತೆರೆದಳು. ಮೊದಲು ಸಂಕಟ, ಅದರ ಬೆನ್ನಿಗೇ ಕೆಟ್ಟದೊಂದು ನಿರಾಳ. ಮುಗಿಯಿತು. ಹೆಣ್ಣು ಇಲ್ಲ. ಲೇಖನ ಇಲ್ಲ. ತಾನು ಹೇಳಬೇಕಾದ ವಾಕ್ಯವನ್ನು ಅವ್ವ ಕುಂಚದಿಂದ ಹೇಳಿಬಿಟ್ಟಳು. ಇಷ್ಟು ಅನ್ನಿಸಿದ್ದೇ ತಡ, ತನ್ನ ಮೇಲೆ ಅಸಹ್ಯ ಹುಟ್ಟಿತು. ಮಳೆಯಲ್ಲಿ ಕೊಡೆ ಹಿಡಿದು, ಮೊಣಕಾಲೂರಿ, ಉಸಿರು ಬಿಗಿಹಿಡಿದು ನೋಡಿದ ಜೀವಗಳು. ಗೋಡೆಬುಡಕ್ಕೆ ಕೂತು ಬೆರಳಾಡಿಸಿದಳು. ಸುಣ್ಣ ಇನ್ನೂ ತಂಪಾಗಿತ್ತು. ನೀಲಿ ಪಟ್ಟಿಯ ಒಂದು ಕಡೆ ಉಬ್ಬು ಸಿಕ್ಕಿತು, ಉಗುರಿನಿಂದ ಎಬ್ಬಿಸಿದಳು. ಹರಿದ ಕೊಳವೆಯ ಚೂರು, ಒಳಮೈ ಮಾತ್ರ ಇನ್ನೂ ಬೆಳ್ಳಗೆ ನುಣುಪು. ಅದರೊಳಗೆ ಯಾರೂ ಇರಲಿಲ್ಲ. ಅವ್ವ ನಗುನಗುತ್ತ ಮೇಲೆ ನಿಂತಿದ್ದಳು, ಹೊಗಳಿಕೆಗೆ ಕಾಯುತ್ತ. "ಚೊಲೋ ಆಗ್ಯದಬೇ," ಎಂದಳು ಪ್ರಿಯದರ್ಶಿನಿ. ಅವ್ವನ ಮುಖ ಅರಳಿತು, ಚಹಾ ಇಡುತ್ತೇನೆಂದು ಒಳಗೆ ಹೋದಳು.

ಎದ್ದು ನಿಲ್ಲಲು ಆಸರೆಗೆ ಕೈ ಚಾಚಿದಾಗ ಒಳಕಲ್ಲು ಸಿಕ್ಕಿತು. ಮಿಕ್ಸಿ ಬಂದ ಮೇಲೆ ಹಿತ್ತಲ ಮೂಲೆಗೆ ಉರುಳಿಸಿ ಬಿಟ್ಟ ಕಲ್ಲು, ಕೊನೆಗಾಲದಲ್ಲಿ ಆಯಿ ಅದರ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಅದರ ಹಿಂಬದಿ, ನಿಂಬೆಗಿಡದ ನೆರಳಲ್ಲಿ, ಕಲ್ಲಿಗೆ ಆತು ಒಂದು ಮಣ್ಣಿನ ಬೇರು ಮಲಗಿತ್ತು. ಅವಳು ಹಾಗೇ ಕೂತಳು. ಒಣ ಹುಲ್ಲಿನ ಎಳೆ ಕಿತ್ತು ಕೊಳವೆಯ ಮೇಲೆ ಮೆಲ್ಲಗೆ ಎಳೆದಳು, ಇರುವೆ ನಡೆದ ಹಾಗೆ. ಏನೂ ಇಲ್ಲ. ಮತ್ತೊಮ್ಮೆ ಎಳೆದಳು. ಒಳಗಿನಿಂದ ಎರಡು ಕರಿ ಮುಳ್ಳುಗಳು ರೇಷ್ಮೆ ತೂರಿ ಹೊರಗೆ ಬಂದು ಹುಲ್ಲನ್ನು ಕಚ್ಚಿದವು. ಆ ಎಳೆತ ಅವಳ ಬೆರಳಿಗೆ ತಾಗಿತು. ಅಳು ಬಂತು. ಒಳಗೆ ದೊಡ್ಡ ಹೆಣ್ಣಿದೆ. ಮಳೆಗಾಲ ಈಗಷ್ಟೇ ಹಿಂದಾಗಿದೆ, ಗಂಡೂ ಒಳಗೇ ಇರಬಹುದು. ಈ ಕುಲದಲ್ಲಿ ಗಂಡು ಹೆಣ್ಣಿನ ಕೊಳವೆಗೆ ಬಂದು ಕೂಡಿ, ತಿಂಗಳುಗಟ್ಟಲೆ ಅಲ್ಲೇ ಬದುಕಿ ಸಾಯುತ್ತದೆ, ಆಮೇಲೆ ಹೆಣ್ಣಿನ ಆಹಾರವಾಗುತ್ತದೆ. ಎರಡೂ ಸಿಕ್ಕರೆ ಸರ್ ಕಪಾಟಿನಲ್ಲಿ ಬೀಗ ಹಾಕಿಟ್ಟ ಗಂಡಿನ ಹಂಗೂ ಇಲ್ಲ. ತಾನೇ ಬರೆಯಬಹುದು. ಮೊದಲಿನಿಂದ, ತಾನೊಬ್ಬಳೇ, ಕಮಲಾಪುರದ ಹೆಸರಿಟ್ಟು. ಮಾರ್ಚಿನೊಳಗೆ ಆದೀತೇ, ಗೈಡಿಲ್ಲದವಳನ್ನು ಯಾವ ಪತ್ರಿಕೆ ಕೇಳೀತು, ಅಷ್ಟೆಲ್ಲ ಮಾಡಿದವರಿಗೆ ಇದು ದ್ರೋಹವಲ್ಲವೇ. ಹುಲ್ಲಿನೆಳೆ ಬಿಟ್ಟಳು. ಅದು ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತಿತ್ತು.

ಅಷ್ಟರಲ್ಲಿ ಫೋನು. ಸುಧಾಕರ ಸರ್.

"ಹೆಣ್ಣು ಸಿಕ್ತೇನವಾ?" ದನಿಯಲ್ಲಿ ಎಂದಿನ ಅಕ್ಕರೆ. "ಹುಷಾರಾಗಿ ಅಗಿ. ಬುಡ ಕಡೀಬ್ಯಾಡ."

ಈಗ ಹೇಳಬೇಕು. ಸರ್, ಒಂದು ಮಾತು. "ಸರ್," ಎಂದಳು. "ಒಂದೂ ಇಲ್ರಿ ಸರ್. ಗ್ವಾಡಿಗೆ ಸುಣ್ಣ ಹಚ್ಚ್ಯಾರ. ಎಲ್ಲಾ ಹೋಗ್ಯಾವ."

"ಯಾರು ಹಚ್ಚಿದ್ರು?"

"ಅವ್ವ, ಸರ್."

ಅಂದ ಮೇಲೆ ತಿರುಗಿದಳು. ಬಾಗಿಲಲ್ಲಿ ಪುತಳಾಬಾಯಿ ಎರಡು ಕಪ್ಪು ಹಿಡಿದು ನಿಂತಿದ್ದಳು, ಹೆಗಲ ಮೇಲೆ ಶಾಲು ಹಾಗೇ ಇತ್ತು. ಸರ್ ಇನ್ನೂ ಏನೋ ಹೇಳುತ್ತಿದ್ದರು, ತಿಳಿಗೇಡಿತನ ಎಂಬ ಮಾತು ಕೇಳಿಸಿತು, ಹೆಣ್ಣಿಲ್ಲದೆ ಆಗುವುದಿಲ್ಲ, ಬುಧವಾರ ಬರುವುದು ಬೇಡ ಎಂದು ಪೇಪರಿನವರಿಗೆ ಹೇಳುತ್ತೇನೆ ಎಂಬುದೂ ಕೇಳಿಸಿತು. ಫೋನು ಕಟ್ಟಾಯಿತು.

"ಏನ್ ಎಲ್ಲಾ ಹೋಗ್ಯಾವ?" ಎಂದಳು ಅವ್ವ.

"ಏನಿಲ್ಲಬೇ."

"ಆ ಚೀಲದಾಗೇ ಇತ್ತೇನು ನಿನ್ನ ಹುಳ?" ಕಪ್ಪುಗಳನ್ನು ನೆಲಕ್ಕೆ ಇಟ್ಟಳು, ಒಂದು ವಾಲಿ ಚಹಾ ಚೆಲ್ಲಿತು. "ನಾ ಚಂಚಿ ಹುಳ ಅಂದ್ರ ಆಯಿ ಮಕ್ಕಳಿಗೆ ಸುಮ್ಮ ಹೇಳ್ತಿದ್ಳು ಅಂದ್ಕೊಂಡಿದ್ನಲ್ಲ. ನಿನ್ನ ಹುಳ ಅಂದ್ರ ಯಾವುದೋ ಬಣ್ಣದ್ದು, ದೊಡ್ಡದು ಅಂದ್ಕೊಂಡಿದ್ನಲ್ಲ ಯವ್ವಾ." ಅವಳು ಅಳಲಿಲ್ಲ. ಶಾಲು ತೆಗೆದು ಮಡಚಿ ಬಾಗಿಲ ಮೇಲೆ ಹಾಕಿದಳು. ಬಟ್ಟೆ ತಿಕ್ಕುವ ಬ್ರಶ್ಶು, ಬಕೆಟ್ಟು ನೀರು ತಂದು ಗೋಡೆಬುಡಕ್ಕೆ ಕೂತಳು, ಸೀರೆ ಮೇಲೆ ಸಿಕ್ಕಿಸಿಕೊಂಡು ಸುಣ್ಣ ತಿಕ್ಕತೊಡಗಿದಳು. "ಅಡಿಯಾಗ ಒಂದರ ಇರ್ತದ. ಇಷ್ಟು ಗ್ವಾಡಿಗೆ ಒಂದರ ಉಳದಿರ್ತದ."

"ಬ್ಯಾಡಬೇ, ಬಿಡು. ಕೈ ಸುಡ್ತಾವ."

"ಊರಾಗ ಎಲ್ಲಾರಿಗೂ ಹೇಳೀನಿ. ನಿಮ್ಮಪ್ಪಗ ಏನಂತ ಹೇಳ್ಲಿ? ಮಗಳ ಹೆಸರು ನಾನೇ ತಿಕ್ಕಿ ತೆಗದ್ನಿ ಅಂತ ಹೇಳ್ಲೇನು?"

ಹೇಳಿಬಿಡಬಹುದಿತ್ತು. ಆ ಮೂಲೆಯತ್ತ ಬೆರಳು ತೋರಿಸಿದರೆ ಸಾಕು, ಅವ್ವನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಇಳಿದ ಗಳಿಗೆಗೇ ಅವಳು ಸರ್‌ಗೆ ಫೋನು ಮಾಡಿ, ಸಾಹೇಬ್ರ ಒಂದು ಉಳದದರೀ ಎಂದು ಕೂಗುತ್ತಾಳೆ. ಅವಳಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಸುಧಾಕರ ಸರ್ ಹತ್ತಿರ ಗುಟ್ಟೇಕೆ ಎಂಬುದು ಅವಳ ತಲೆಗೆ ಹೋಗುವುದೂ ಇಲ್ಲ. ತನ್ನ ಲೇಖನ ಕಸಿದುಕೊಂಡದ್ದನ್ನು ಈ ಮನೆಯಲ್ಲಿ ಯಾರಿಗೂ ಹೇಳಿ ನಂಬಿಸಲು ಸಾಧ್ಯವಿಲ್ಲ. ಸರ್ ಎದುರು ಬಾಯಿ ಬರದವಳು ತಪ್ಪನ್ನು ತಾಯಿಯ ಮೇಲೆ ಹೊರಿಸಿದ್ದಳು. ಇದು ಪ್ರಿಯದರ್ಶಿನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡರೂ ಬೆರಳು ಏಳಲಿಲ್ಲ. ಅವಳು ಚಪ್ಪಲಿ ಬಿಟ್ಟು, ತೋಳೇರಿಸಿ ಅವ್ವನ ಪಕ್ಕ ಕೂತಳು. ಒಂದು ಚಿಂದಿ ನೀರಲ್ಲಿ ಅದ್ದಿ ತಾನೂ ತಿಕ್ಕಿದಳು. ನೀಲಿ ಕರಗಿ ರಂಗೋಲಿಯ ಚುಕ್ಕಿಗಳ ಮೇಲೆ ಹರಿಯಿತು, ಕಲ್ಲಿನ ಕರಿ ಮೈ ಅಲ್ಲಲ್ಲಿ ಕಾಣಿಸಿತು. ಅವ್ವ ಪ್ರತಿ ಸಂದಿಯಲ್ಲೂ ಬೆರಳಿಟ್ಟು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವಳ ಬೆರಳ ಸಂದಿಯಲ್ಲಿ ಸುಣ್ಣ ಕಡಿದು ಚರ್ಮ ಬಿಳಿಚಿಕೊಂಡಿತ್ತು. ಹಾಗೆ ತಿಕ್ಕುತ್ತ ತಿಕ್ಕುತ್ತ ಅವಳು ತಟ್ಟನೆ ಕೈ ನಿಲ್ಲಿಸಿ ಮೂಲೆಯ ಕಡೆ ತಿರುಗಿದಳು.

"ಒಳಕಲ್ಲಿನ ಹಿಂದ ನೋಡಿದೇನವಾ? ಅಲ್ಲಿ ನಾ ಕೈ ಹಾಕಿಲ್ಲ."

"ನೋಡಿದ್ನಿ ಬೇ," ಎಂದಳು ಪ್ರಿಯದರ್ಶಿನಿ. "ಅಲ್ಲೂ ಏನಿಲ್ಲ."

ಪುತಳಾಬಾಯಿ ತಲೆಯಾಡಿಸಿ ಬ್ರಶ್ಶನ್ನು ಮತ್ತೆ ನೀರಿಗೆ ಅದ್ದಿದಳು.